ಕುಣಿಯುವವರು ಕುಣಿಸಲು ಹೊರಟಾಗ

ಪ್ರಶ್ನೆ: ಅಕ್ಕ, ಶಿರಸಿಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಮೊಣಕಾಲು ನೋವು. ಅರಮಂಡಿಯಲ್ಲಿ (ಮೊಣಕಾಲು ಮಡಿಸಿ ಅರ್ಧ ಕೂರುವ ಭಂಗಿ) ಜಾಸ್ತಿ ಹೊತ್ತು ಕೂರಬೇಡಿ ಎಂದಿದ್ದಾರೆ ಡಾಕ್ಟರು. ನೃತ್ಯರೂಪಕ ನಿರ್ದೇಶಿಸುವ ಆಸೆ ಮೊದಲಿನಿಂದಲೂ ಇದೆ. ಆದರೆ ‘ಕುಣಿಯೋಕೆ ಆಗದವರು ನಿರ್ದೇಶನಕ್ಕೆ ಹೋಗ್ತಾರೆ’ ಅಂತ ಜನ ಆಡಿಕೊಳ್ಳುತ್ತಾರೆ. ಇದಕ್ಕೆ ಬೇರೆ ಕಲಿಕೆ ಬೇಕಾ? ಎಲ್ಲಿಂದ ಶುರು ಮಾಡಲಿ?
– ಓದುಗರು, ಶಿರಸಿ

ಉತ್ತರ: ಆ ಮಾತಿಗೆ ಕಿವಿ ಕೊಡಬೇಡಿ. ನಮ್ಮ ಗುಣವಂತೆಯ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರನ್ನೇ ನೋಡಿ. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳ ಮನೆಯಲ್ಲೇ ಇತ್ತು. ಆದರೂ ದೆಹಲಿಗೆ ಹೋಗಿ ಮಾಯಾ ರಾವ್ ಅವರ ಹತ್ತಿರ ನೃತ್ಯ ಸಂಯೋಜನೆ ಕಲಿತರು. ಕುಣಿಯಲು ಆಗದೆ ಹೋದವರಲ್ಲ ಅವರು. 2009ರಲ್ಲಿ ತೀರಿಕೊಳ್ಳುವ ತನಕ ಬಣ್ಣ ಹಚ್ಚಿದರು. ಮಾಯಾ ರಾವ್ ಬೆಂಗಳೂರಿನ ಕಥಕ್ ನರ್ತಕಿ. ಸೋವಿಯತ್ ಒಕ್ಕೂಟಕ್ಕೆ ಹೋಗಿ ಸಂಯೋಜನೆಯನ್ನೇ ಓದಿಕೊಂಡು ಬಂದು, 1964ರಲ್ಲಿ ದೆಹಲಿಯಲ್ಲಿ ಅದಕ್ಕೆಂದೇ ಶಾಲೆ ತೆರೆದರು. 1987ರಲ್ಲಿ ಬೆಂಗಳೂರಿಗೆ ಬಂದರು. ಅಂದರೆ ಇದು ಬೇರೆಯೇ ವಿದ್ಯೆ. ಕಲಿಯಲೇಬೇಕು.

ನರ್ತಕಿಗೆ ತನ್ನ ಮೈ ಒಳಗಿನಿಂದ ಗೊತ್ತಿರುತ್ತದೆ. ಕುಣಿಸುವವಳು ಹತ್ತು ಮೈಗಳನ್ನು ಹೊರಗಿನಿಂದ ನೋಡಬೇಕು. ಹಾಗಾಗಿ ತಾಲೀಮಿನಲ್ಲಿ ನಾನು ಎದ್ದು ಮಾಡಿ ತೋರಿಸುವುದು ಕಡಿಮೆ. ತೋರಿಸಿದರೆ ಹುಡುಗಿಯರು ನನ್ನ ಕುತ್ತಿಗೆಯ ಓರೆಯನ್ನೂ ಸೇರಿಸಿಯೇ ಎತ್ತಿಕೊಳ್ಳುತ್ತಾರೆ.

ಕುಮಟೆಯಲ್ಲಿ ಒಮ್ಮೆ ದಡದಲ್ಲಿ ನಿಂತು ಹಲವರು ಸೇರಿ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆಯುವ ದೃಶ್ಯ ಮಾಡಿಸುತ್ತಿದ್ದೆ. ಎಲ್ಲರ ಹಸ್ತವೂ ಚೆಂದ, ಹಗ್ಗಕ್ಕೆ ಮಾತ್ರ ಭಾರವೇ ಇಲ್ಲ. ಹಿಂದಿನ ಸಾಲಿನಲ್ಲಿ ಮೀನುಗಾರರ ಮನೆಯ ಹುಡುಗಿಯೊಬ್ಬಳಿದ್ದಳು. ಅವಳು ಹಿಮ್ಮಡಿ ಊರಿ, ಸೊಂಟ ಹಿಂದಕ್ಕೆ ಕೊಟ್ಟು ಎಳೆಯುತ್ತಿದ್ದಳು. ಎಲ್ಲರಿಗೂ ಅದನ್ನೇ ಹೇಳಿಕೊಟ್ಟೆ. ಲಯ ಇಳಿಸಿದೆ. ಎರಡನೇ ಸಾಲು ತಾಳದ ಒಂದು ಅಕ್ಷರ ತಡವಾಗಿ ಎಳೆಯಲಿ ಎಂದೆ. ಆಗ ಬಲೆಯಲ್ಲಿ ಮೀನು ತುಂಬಿದ್ದು ಕಂಡಿತು. ನಾನು ತೋರಿಸಲು ನಿಂತಿದ್ದರೆ ಆ ಹುಡುಗಿ ಕಣ್ಣಿಗೇ ಬೀಳುತ್ತಿರಲಿಲ್ಲ.

ನಿಮ್ಮ ಶುರುವಾತು ನಟ್ಟುವಾಂಗದಿಂದ, ಅಂದರೆ ತಾಳ ಹಾಕಿ ನೃತ್ಯ ನಡೆಸುವುದರಿಂದ ಆಗಲಿ. ತಾಳ ಹಿಡಿದು ಕೂತವರಿಗೆ ಇಡೀ ರಂಗ ಕಾಣುತ್ತದೆ. ನಿಮ್ಮ ಕಡೆ ಯಕ್ಷಗಾನದ ಆಟಗಳಿಗೆ ಬರವಿಲ್ಲ ಅಲ್ವಾ? ಒಂದು ರಾತ್ರಿ ವೇಷಗಳನ್ನು ಬಿಟ್ಟು, ಪದ ಹಾಡಿ ಆಟ ನಡೆಸುವ ಭಾಗವತರನ್ನೇ ನೋಡಿ. ವೇಷಧಾರಿ ಹುರುಪಿನಲ್ಲಿದ್ದರೆ ಪದವನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ, ದಣಿದಿದ್ದರೆ ಬೇಗ ಮುಗಿಸುತ್ತಾರೆ. ನಿರ್ದೇಶನ ಅಲ್ಲೇ, ಕಣ್ಣೆದುರಿಗೇ ನಡೆಯುತ್ತಿರುತ್ತದೆ.

ಬೆಳಕಿನ ಬಗ್ಗೆಯೂ ತಿಳಿದುಕೊಳ್ಳಿ. ಊರಿನ ಸಭಾಭವನಗಳಲ್ಲಿ ಸಾಮಾನ್ಯವಾಗಿ ಎದುರಿನಿಂದಷ್ಟೇ ದೀಪ ಬಿಡುತ್ತಾರೆ. ಮುಖ ಕಾಣುತ್ತದೆ, ಮೈ ಚಪ್ಪಟೆಯಾಗುತ್ತದೆ. ಪಕ್ಕದಿಂದ ಎರಡು ದೀಪ ಕೇಳಿ ಹಾಕಿಸಿ. ಹೆಗ್ಗೋಡು ಶಿರಸಿಗೆ ದೂರವಲ್ಲ. ಅಲ್ಲಿನ ರಂಗಸಂಸ್ಥೆ ನೀನಾಸಂನ ನಾಟಕಗಳಿಗೆ ಹೋದಾಗ ದೀಪ ಎಲ್ಲಿಂದ ಬೀಳುತ್ತಿದೆ ಅಂತ ಗಮನಿಸಿ.

ದೊಡ್ಡ ರೂಪಕ ಈಗಲೇ ಬೇಡ. ನಾಲ್ಕು ಮಕ್ಕಳು, ಹತ್ತು ನಿಮಿಷ, ಒಂದೇ ಪ್ರಸಂಗ ಸಾಕು. ಡಾಕ್ಟರು ಹೇಳಿದ ವ್ಯಾಯಾಮವನ್ನಂತೂ ಬಿಡಬೇಡಿ. ತಾಲೀಮಿನಲ್ಲಿ ಗಂಟೆಗಟ್ಟಲೆ ನಿಲ್ಲುವುದಕ್ಕೂ ಮೊಣಕಾಲು ಗಟ್ಟಿ ಇರಬೇಕು.