ಅರ್ಜಿ ಹೊತ್ತವರೋ, ಗಾಜು ಒಡೆದವರೋ?

ಪ್ರಶ್ನೆ: ಬ್ರಿಟನ್ನಿನ ಮಹಿಳೆಯರ ಮತದಾನದ ಹಕ್ಕಿನ ಹೋರಾಟದ ಬಗ್ಗೆ ಓದುತ್ತಿದ್ದೇನೆ. ಹೋರಾಟಗಾರ್ತಿಯರಲ್ಲಿ ಕೆಲವರನ್ನು ‘ಸಫ್ರಜಿಸ್ಟ್’ ಎಂದೂ ಕೆಲವರನ್ನು ‘ಸಫ್ರಜೆಟ್’ ಎಂದೂ ಕರೆದಿದ್ದಾರೆ. ಎರಡೂ ಒಂದೇನಾ? ಕೊನೆಗೆ ಹಕ್ಕು ಸಿಕ್ಕಿದ್ದು ಯಾರಿಂದ?

ಉತ್ತರ: ಒಂದೇ ಅಲ್ಲ. ಅರ್ಜಿ, ಸಭೆ, ಮೆರವಣಿಗೆ ಎಂದು ಕಾನೂನು ಮೀರದೆ ನಡೆದವರು ಸಫ್ರಜಿಸ್ಟರು. 1897ರಲ್ಲಿ ಒಂದುಗೂಡಿದ ಅವರ ಸಂಘಗಳಿಗೆ ಮಿಲಿಸೆಂಟ್ ಫಾಸೆಟ್ ನಾಯಕಿ. ಕಾದು ಕಾದು ಬೇಸತ್ತ ಎಮೆಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬೇರೆ ಸಂಘಟನೆ ಕಟ್ಟಿದರು. ‘ಮಾತು ಸಾಕು, ಕೃತಿ ಬೇಕು’ ಎಂಬುದು ಅವರ ಧೋರಣೆ; ಕಿಟಕಿಗಾಜು ಒಡೆದು ಜೈಲಿಗೆ ಹೋಗುವುದಕ್ಕೂ ಹಿಂಜರಿಯಲಿಲ್ಲ. 1906ರಲ್ಲಿ ಪತ್ರಿಕೆಯೊಂದು ಇವರನ್ನು ಹಂಗಿಸಲೆಂದೇ ‘ಸಫ್ರಜೆಟ್’ ಎಂಬ ಪದ ಹುಟ್ಟುಹಾಕಿತು. ಆ ಹೆಸರನ್ನೇ ಅವರು ಹೆಮ್ಮೆಯಿಂದ ತಮ್ಮದಾಗಿಸಿಕೊಂಡರು.

ಆದರೆ ಕಥೆ ಶುರುವಾಗುವುದು ಇನ್ನೂ ಹಿಂದೆ, 1866ರಲ್ಲಿ. ಸುಮಾರು 1,500 ಮಹಿಳೆಯರು ಸಹಿ ಹಾಕಿದ ಅರ್ಜಿಯ ಸುರುಳಿಯನ್ನು ಎಮಿಲಿ ಡೇವಿಸ್ ಮತ್ತು ಎಲಿಜಬೆತ್ ಗ್ಯಾರೆಟ್ ಸಂಸತ್ತಿಗೆ ಹೊತ್ತು ತಂದರು. ಅದನ್ನು ಹಿಡಿದು ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಲು ಸಂಕೋಚವಾಗಿ, ಅಲ್ಲೇ ಸೇಬು ಮಾರುತ್ತಿದ್ದ ಹೆಂಗಸಿನ ಬಳಿ ಬಚ್ಚಿಟ್ಟರಂತೆ. ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಹಕ್ಕು ಕೇಳುವುದಿರಲಿ, ಕೇಳಲು ಬಂದು ನಿಲ್ಲುವುದಕ್ಕೂ ಅಷ್ಟು ಧೈರ್ಯ ಬೇಕಿತ್ತು. ಮರುವರ್ಷ ತತ್ವಜ್ಞಾನಿಯೂ ಸಂಸದರೂ ಆಗಿದ್ದ ಜಾನ್ ಸ್ಟುವರ್ಟ್ ಮಿಲ್, ಮತದಾನದ ಹಕ್ಕು ವಿಸ್ತರಿಸುವ ಮಸೂದೆಯಲ್ಲಿ ‘ಪುರುಷ’ ಎಂದಿರುವ ಕಡೆ ‘ವ್ಯಕ್ತಿ’ ಎಂದು ತಿದ್ದಿ ಎಂದು ಸದನದಲ್ಲಿ ವಾದಿಸಿದರು. ಪರವಾಗಿ ಬಿದ್ದದ್ದು 73 ಮತ; ತಿದ್ದುಪಡಿ ಸೋತಿತು. ಅಂದು ಮೇಲಿನ ಗ್ಯಾಲರಿಯಲ್ಲಿ ಕೂತು ಆ ಚರ್ಚೆ ಕೇಳಿದವರಲ್ಲಿ ಎಲಿಜಬೆತ್ ಅವರ ತಂಗಿ, ಇನ್ನೂ ಇಪ್ಪತ್ತು ತುಂಬದ ಮಿಲಿಸೆಂಟ್ ಫಾಸೆಟ್ ಒಬ್ಬರು.

ಸಫ್ರಜೆಟರ ತ್ಯಾಗವನ್ನು ನಾನು ಕಡೆಗಣಿಸುವುದಿಲ್ಲ. ಜೈಲಿನಲ್ಲಿ ಉಪವಾಸ ಕೂತವರ ಮೂಗಿಗೆ, ಗಂಟಲಿಗೆ ನಳಿಕೆ ತುರುಕಿ ಬಲವಂತವಾಗಿ ಆಹಾರ ಸುರಿದರು. 1913ರಲ್ಲಿ ಬಂದ ಕಾಯಿದೆಯಂತೂ, ಸಾಯುವ ಸ್ಥಿತಿಗೆ ಬಂದವರನ್ನು ಬಿಟ್ಟು, ಚೇತರಿಸಿಕೊಂಡ ಮೇಲೆ ಮತ್ತೆ ಹಿಡಿದು ತರುತ್ತಿತ್ತು. ಜನ ಅದನ್ನು ಬೆಕ್ಕು–ಇಲಿ ಕಾಯಿದೆ ಎಂದೇ ಕರೆದರು. ಅದೇ ವರ್ಷ ಎಪ್ಸಮ್ ಕುದುರೆ ಪಂದ್ಯದಲ್ಲಿ ರಾಜನ ಕುದುರೆಗೆ ಸಿಕ್ಕಿ ಎಮಿಲಿ ಡೇವಿಸನ್ ತೀರಿಕೊಂಡರು. ಆದರೂ ಅಂಚೆ ಪೆಟ್ಟಿಗೆ, ಖಾಲಿ ಮನೆಗಳಿಗೆ ಬೆಂಕಿ ಇಟ್ಟದ್ದನ್ನು ಸಮರ್ಥಿಸಲು ನನ್ನಿಂದಾಗದು.

ಗಾಜು ಒಡೆಯದೆ ಗೆಲ್ಲಲಾಗುತ್ತಿರಲಿಲ್ಲ ಎನ್ನುವವರು ನ್ಯೂಜಿಲೆಂಡ್ ಕಡೆ ನೋಡಬೇಕು. ಅಲ್ಲಿ ಕೇಟ್ ಶೆಪರ್ಡ್ ಮತ್ತು ಸಂಗಡಿಗರು ಊರೂರಿನಿಂದ ಸಹಿ ಕೂಡಿಸಿದರು. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಅರ್ಜಿಯ ಉದ್ದ ಸುಮಾರು 270 ಮೀಟರ್. ಸಂಸದ ಜಾನ್ ಹಾಲ್ ಅದನ್ನು ಸದನದ ನೆಲದ ಮೇಲೆ ಉರುಳಿಸಿ ಬಿಡಿಸಿದರು. ಮೇಲ್ಮನೆಯಲ್ಲಿ 20–18ರ ಅಂತರದಲ್ಲಿ ಮಸೂದೆ ದಾಟಿ, 1893ರಲ್ಲಿ ಅಲ್ಲಿನ ಮಹಿಳೆಯರು ಮತ ಹಾಕಿಯೇಬಿಟ್ಟರು.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಫಾಸೆಟ್ ಕಡೆಗೇ ವಾಲುತ್ತದೆ. ವಿಷಯವನ್ನು ಮನೆಮಾತಾಗಿಸಿದವರು ಸಫ್ರಜೆಟರು, ನಿಜ. ಆದರೆ 1914ರಲ್ಲಿ ಮಹಾಯುದ್ಧ ಶುರುವಾದಾಗ ಪ್ಯಾಂಕ್‌ಹರ್ಸ್ಟ್ ಹೋರಾಟ ನಿಲ್ಲಿಸಿದರು. ಸಂಸದರನ್ನು ಪಟ್ಟುಬಿಡದೆ ಮಾತಾಡಿಸಿ ದಡ ಮುಟ್ಟಿಸಿದ್ದು ಅರ್ಜಿಯವರೇ. ಅದಕ್ಕೆ ಬೆಲೆಯನ್ನೂ ತೆತ್ತರು. ಮತದಾರರಲ್ಲಿ ಹೆಂಗಸರೇ ಹೆಚ್ಚಾಗಿಬಿಡುತ್ತಾರೆಂಬ ಭಯದಿಂದ 1918ರ ಕಾಯಿದೆ, 30 ದಾಟಿದ, ಆಸ್ತಿಯ ಷರತ್ತಿಗೆ ಒಳಪಟ್ಟ ಮಹಿಳೆಯರಿಗೆ ಮಾತ್ರ ಮತ ಕೊಟ್ಟಿತು. ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಇಪ್ಪತ್ತರ ಹರೆಯದ ಹುಡುಗಿಯರು ಹೊರಗೇ ಉಳಿದರು.

ಪುರುಷರಂತೆಯೇ 21ಕ್ಕೆ ಮತ ಸಿಗಲು 1928ರವರೆಗೆ ಕಾಯಬೇಕಾಯಿತು. ಆ ದಿನವೂ ಫಾಸೆಟ್ ಸಂಸತ್ತಿಗೆ ಬಂದಿದ್ದರು. ಮಿಲ್ ಅವರ ಮಾತು ಕೇಳಿ 61 ವರ್ಷವಾಗಿತ್ತು. ಅವರಿಗೀಗ ವಯಸ್ಸು 81.