ಓದಿದವರೂ ಫೋನಿನಲ್ಲಿ ಓಟಿಪಿ ಹೇಳಿಬಿಡೋದು ಹೇಗೆ?

ಓದು ಬರಹ ಬಲ್ಲವರೂ ಫೋನ್ ಮಾಡಿದವನಿಗೆ ಎಲ್ಲಾ ಹೇಗೆ ಹೇಳಿಬಿಡ್ತಾರೆ, ಅಷ್ಟೂ ಗೊತ್ತಾಗಲ್ವಾ ಅಂತ ಕೇಳಿದ್ದೀರಿ. ನಾನೂ ಹೀಗೇ ಕೇಳುತ್ತಿದ್ದೆ, ನಮ್ಮಪ್ಪನೇ ಹೇಳಿಬಿಡುವವರೆಗೆ.

ಅಪ್ಪ ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ನಾನಿರೋದು ಮೈಸೂರಿನಲ್ಲಿ. ಒಂದು ಮಧ್ಯಾಹ್ನ ಅವರಿಗೆ ಫೋನ್. 'ನಮಸ್ಕಾರ ಮೇಷ್ಟ್ರೇ, ಬ್ಯಾಂಕಿಂದ ಮಾತಾಡ್ತಿರೋದು. ನಿಮ್ಮ ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಆಗಿಲ್ಲ, ಪಿಂಚಣಿ ನಿಂತುಹೋಗುತ್ತೆ.' ಮೇಷ್ಟ್ರೇ ಅಂದಮೇಲೆ ಗುರುತಿನವರೇ ಇರಬೇಕು ಅಂದುಕೊಂಡರಂತೆ. ಅವರ ಫೇಸ್‌ಬುಕ್ಕಿನಲ್ಲಿ ಮೈಸೂರು ಪೇಟ, ಶಾಲು ಹಾಕಿಸಿಕೊಂಡ ನಿವೃತ್ತಿ ಸನ್ಮಾನದ ಫೋಟೊ ಇದೆ. ಅಲ್ಲಿಂದಲೇ ತಿಳಿದಿರಬೇಕು ಅಂತ ನನ್ನ ಅನುಮಾನ.

ಅವನು ಏನನ್ನೂ ಕೇಳಲಿಲ್ಲ, ಹೇಳಿದ. ಅದೂ ತಪ್ಪಾಗಿ.

'ಹುಟ್ಟಿದ್ದು ಜೂನ್ 12 ಅಲ್ವಾ ಸರ್?'

'ಅಲ್ಲಪ್ಪ, ಜುಲೈ.'

ಜೀವಮಾನವೆಲ್ಲ ಕೆಂಪು ಇಂಕಿನಲ್ಲಿ ತಪ್ಪು ತಿದ್ದಿದವರು, ಸುಮ್ನಿರ್ತಾರಾ? ಆಮೇಲೆ ಎಟಿಎಂ ಕಾರ್ಡಿನ ಮೊದಲ ಆರು ಅಂಕಿ ಅವನೇ ಓದಿದ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರೆ ಸರಿಯಾಗೇ ಇದೆ! ಅಲ್ಲಿಗೆ ಪೂರ್ತಿ ನಂಬಿದರು. ಆ ಆರು ಅಂಕಿ ಯಾವ ಬ್ಯಾಂಕು, ಯಾವ ಥರದ ಕಾರ್ಡು ಅನ್ನೋದಕ್ಕಷ್ಟೇ. ಅದೇ ಬ್ಯಾಂಕಿನ ಅದೇ ಥರದ ಕಾರ್ಡು ಇರೋ ಎಷ್ಟೋ ಜನಕ್ಕೆ ಅವೇ ಅಂಕಿ. 'ಉಳಿದದ್ದು ಟ್ಯಾಲಿ ಆಗುತ್ತಾ, ಓದಿ ಸರ್' ಅಂದ. ಓದಿದರು. ಹಿಂಬದಿಯ ಮೂರು ಅಂಕಿಯನ್ನೂ.

ಓಟಿಪಿ ಅನ್ನೋ ಮಾತೇ ಅವನ ಬಾಯಲ್ಲಿ ಬರಲಿಲ್ಲ. 'ಸರ್ಟಿಫಿಕೇಟ್ ನಂಬರ್ ಮೆಸೇಜಿಗೆ ಬಂದಿದೆ ನೋಡಿ' ಅಂದ. ಯಾರಿಗೂ ಹೇಳಬೇಡಿ ಅಂತ ಅದೇ ಮೆಸೇಜಿನಲ್ಲಿ ಇಂಗ್ಲಿಷಿನಲ್ಲಿ ಇತ್ತು. ಆದರೆ 'ಲೈನಲ್ಲೇ ಇರಿ ಸರ್, ಕಟ್ ಮಾಡ್ಬೇಡಿ' ಅಂತ ಅವಸರ ಮಾಡುವಾಗ ಅಷ್ಟುದ್ದ ಓದೋಕೆ ಪುರುಸೊತ್ತು ಎಲ್ಲಿ?

18,500 ರೂಪಾಯಿ ಹೋಯಿತು. ಪಕ್ಕದ ಮನೆ ಹುಡುಗ ತಕ್ಷಣ ಸೈಬರ್ ವಂಚನೆ ದೂರು ಕೊಡೋ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದ್ದರಿಂದ ಒಂದಿಷ್ಟು ಉಳಿಯಿತು. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತೆ. ಬೇಗ ಹೇಳಿದರೆ ದಾರಿಯಲ್ಲೇ ತಡೆಯಬಹುದು. ನಾಚಿಕೊಂಡು ಮರುದಿನ ಹೇಳಿದರೆ ಕಷ್ಟ.

ಬೇರೆ ವೇಷಗಳೂ ಇವೆ. ಬಿಲ್ ಕಟ್ಟಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಟ್ ಅನ್ನೋ ಮೆಸೇಜು. ದುಡ್ಡು ಕಳಿಸ್ತೀವಿ, ಯುಪಿಐ ಪಿನ್ ಒತ್ತಿ ಅನ್ನೋದು. ದುಡ್ಡು ಬರೋದಕ್ಕೆ ಪಿನ್ ಬೇಕಾಗೇ ಇಲ್ಲ! ಮದುವೆ ಕಾರ್ಡ್ ಅಂತ ವಾಟ್ಸಾಪಿಗೆ ಬರೋ ಎಪಿಕೆ ಫೈಲಂತೂ (ಫೋನಿಗೆ ಆಪ್ ಹಾಕೋ ಫೈಲು) ಇನ್ನೂ ಖದೀಮ. ಇನ್‌ಸ್ಟಾಲ್ ಮಾಡಿ, ಕೇಳಿದ್ದಕ್ಕೆಲ್ಲ ಅಲೋ ಒತ್ತಿದರೆ ನಮ್ಮ ಮೆಸೇಜುಗಳನ್ನು ಅದೇ ಓದಿಕೊಳ್ಳುತ್ತೆ. ಓಟಿಪಿ ನಾವು ಹೇಳೋದೂ ಬೇಡ.

ಅಪ್ಪನಿಗೆ ಈಗಲೂ ಅಂಥ ಫೋನ್ ಬರುತ್ತವೆ. 'ಬ್ರಾಂಚಿಗೇ ಬರ್ತೀನಿ ಇರಪ್ಪ, ನಿನ್ನ ಟೇಬಲ್ ಯಾವುದು?' ಅಂತ ಕೇಳ್ತಾರಂತೆ. ಆ ಕಡೆಯಿಂದಲೇ ಕಟ್.