ಚರ್ಮದಡಿಯ ಊತ ಇಳಿದರೆ ಎದೆ ವಾಸಿಯಾದಂತಲ್ಲ

ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದಿರುವ ನಿಮ್ಮ ತಮ್ಮನಿಗೆ ಕುತ್ತಿಗೆಯವರೆಗೆ ಚರ್ಮದಡಿ ಗಾಳಿ ತುಂಬಿದೆ, ಅದನ್ನು ಬೇಗ ಹೊರಹಾಕಿಸುವ ಉಪಾಯವೇನು, ಊತ ಇಳಿದ ಕೂಡಲೇ ಮಂಗಳೂರಿನಿಂದ ದುಬೈ ವಿಮಾನ ಹತ್ತಬಹುದೇ ಎಂದು ಕೇಳಿದ್ದೀರಿ. ಊತವನ್ನೇ ಕಾಯಿಲೆ ಎಂದು ತಿಳಿದು ನಾನೂ ಇದೇ ರೀತಿ ಯೋಚಿಸಿದ್ದೆ. ನನ್ನ ಅವಸರ ವಿಮಾನಕ್ಕಾಗಿ ಅಲ್ಲ, ಅಡಿಕೆ ತೋಟಕ್ಕಾಗಿ ಇತ್ತು ಎಂಬುದಷ್ಟೇ ವ್ಯತ್ಯಾಸ.

ಉಡುಪಿ ತಾಲೂಕಿನ ನಮ್ಮ ಮನೆಯ ಅಂಗಳ ಆಟಿಯ ಮಳೆಗೆ ಪಾಚಿ ಹಿಡಿದಿತ್ತು. ಸೋಗೆ ಹಾಸದಿದ್ದ ಕಡೆ ಕಾಲಿಟ್ಟು ಜಾರಿದೆ. ಜಗಲಿಯ ಮುರಕಲ್ಲಿನ ಅಂಚಿಗೆ ಎಡಪಕ್ಕೆ ಬಡಿಯಿತು. ಉಸಿರೆಳೆದಾಗ ಚುಚ್ಚುತ್ತಿದ್ದರೂ ಬರೇ ಪೆಟ್ಟಿನ ನೋವೆಂದು ಮಲಗಿದೆ. ರಾತ್ರಿ ಕೆಮ್ಮಿದಾಗಲೆಲ್ಲ ಕಂಕುಳ ಕೆಳಗೆ ಏನೋ ಉಬ್ಬಿದಂತಾಗುತ್ತಿತ್ತು. ಬೆಳಗಾಗುವಾಗ ಕುತ್ತಿಗೆ ದಪ್ಪವಾಗಿತ್ತು, ಸ್ವರ ಮೂಗಿನಿಂದ ಬಂದಂತೆ ಕೇಳುತ್ತಿತ್ತು. ಅಕ್ಕ ಬೆರಳಿಟ್ಟು ಒತ್ತಿ ನೋಡಿದಾಗ, ಹೊದಳು ತುಂಬಿದ ಬಟ್ಟೆಯ ಗಂಟನ್ನು ಅದುಮಿದಂತೆ ಚರಚರ ಎಂದಿತು. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬು ಮುರಿದದ್ದು ಕಂಡಿತು. ಎಡ ಶ್ವಾಸಕೋಶ ಕುಗ್ಗಿ ಎದೆಗೋಡೆಯಿಂದ ದೂರ ಸರಿದಿತ್ತು, ನಡುವಿನ ಜಾಗದಲ್ಲಿ ಗಾಳಿಯೂ ಕೆಳಗೆ ಸ್ವಲ್ಪ ರಕ್ತವೂ ಸೇರಿದ್ದವು.

ಅಲ್ಲಿನ ವೈದ್ಯರು ಹೇಳಿದ್ದನ್ನು ನಿಮ್ಮ ತಮ್ಮನಿಗೆ ಓದಿ ಹೇಳಿ. ಮುರಿದ ಎಲುಬಿನ ತುದಿ ಶ್ವಾಸಕೋಶಕ್ಕೆ ಚುಚ್ಚಿದಾಗ, ಪ್ರತಿ ಉಸಿರಿನಲ್ಲೂ ಅಲ್ಲಿಂದ ಗಾಳಿ ಸೋರಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಸೇರುತ್ತದೆ, ಇದೇ ನ್ಯುಮೋಥೊರಾಕ್ಸ್. ಎದೆಗೋಡೆಯ ಒಳಪದರವೂ ಹರಿದಿದ್ದರೆ ಆ ಗಾಳಿ ಸ್ನಾಯುಗಳ ಸಂದಿಯಿಂದ ಚರ್ಮದಡಿಗೆ ಬರುತ್ತದೆ. ಅಲ್ಲಿ ಅದನ್ನು ತಡೆಯುವ ಗಟ್ಟಿ ಗೋಡೆಗಳಿಲ್ಲದ ಕಾರಣ ಮೇಲಕ್ಕೆ ಕಣ್ಣಿನ ರೆಪ್ಪೆಯವರೆಗೆ, ಕೆಳಕ್ಕೆ ತೊಡೆಸಂದಿಯವರೆಗೆ ಹಬ್ಬಬಲ್ಲದು. ನೋಡುವವರಿಗೆ ಭಯವಾದರೂ ಈ ಗಾಳಿ ಬಹುಪಾಲು ನಿರುಪದ್ರವಿ. ಸೋರಿಕೆ ನಿಂತರೆ ಕೆಲವು ದಿನಗಳಲ್ಲಿ, ಹೆಚ್ಚಿದ್ದರೆ ಒಂದೆರಡು ವಾರಗಳಲ್ಲಿ ರಕ್ತವೇ ಅದನ್ನು ಹೀರಿಕೊಳ್ಳುತ್ತದೆ. ಎಣ್ಣೆ ತಿಕ್ಕುವುದರಿಂದಾಗಲಿ ಓಮದ ಕಷಾಯದಿಂದಾಗಲಿ ಅದು ಹೋಗುವುದಿಲ್ಲ, ಮುರಿದ ಎಲುಬಿನ ಮೇಲೆ ತಿಕ್ಕುವುದಂತೂ ಅಪಾಯ. ಕುತ್ತಿಗೆ ಬಿಗಿದು ಉಸಿರಾಟಕ್ಕೇ ತೊಡಕಾದ ಅಪರೂಪದ ಸಂದರ್ಭದಲ್ಲಿ ಮಾತ್ರ ವೈದ್ಯರು ಕೊರಳೆಲುಬಿನ ಕೆಳಗೆ ಚಿಕ್ಕದಾಗಿ ಕೊಯ್ದು ಗಾಳಿಗೆ ದಾರಿ ಮಾಡಿಕೊಡುತ್ತಾರೆ.

ಆದುದರಿಂದ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಚರ್ಮದಡಿಯ ಗಾಳಿಯನ್ನು ತೆಗೆಸುವುದು ಹೇಗೆ ಎಂದು ಕೇಳಬೇಡಿ. ಅದು ಎಲ್ಲಿಂದ ಬರುತ್ತಿದೆ, ಆ ಜಾಗ ಮುಚ್ಚಿದೆಯೇ, ಒಳಗೆ ಇನ್ನೇನು ಉಳಿದಿದೆ ಎಂದು ಕೇಳಿ.

ನನಗೆ ಪಕ್ಕೆಯಲ್ಲಿ ನಳಿಕೆ ಹಾಕಿ ಅದರ ಇನ್ನೊಂದು ತುದಿಯನ್ನು ಬಾಟಲಿಯ ನೀರಿನೊಳಗೆ ಮುಳುಗಿಸಿಟ್ಟರು. ಗಾಳಿ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ನೀರಿನ ತಡೆಯಿಂದಾಗಿ ಹಿಂದಕ್ಕೆ ಬರುವುದಿಲ್ಲ. ಗುಳ್ಳೆ ನಿಂತ ಮೇಲೆ ಎಕ್ಸ್‌ರೇ ತೆಗೆದು, ನಳಿಕೆ ಕಳಚಿ ಮನೆಗೆ ಕಳಿಸಿದರು. ಬುಡದಲ್ಲಿ ತುಸು ನೆರಳು ಉಳಿದಿದೆ, ಮುಂದಿನ ವಾರ ತಪ್ಪದೆ ಬಂದು ಮತ್ತೊಂದು ಎಕ್ಸ್‌ರೇ ತೆಗೆಸಬೇಕು ಎಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು.

ನಾನು ಹೋಗಲಿಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ಮದ್ದು ಬಿಡುವ ಹೊತ್ತು ಅದು. ಆ ಬಿಸಿಲು ತಪ್ಪಿದರೆ ಕಾಯಿಯೆಲ್ಲ ಉದುರುತ್ತದೆ ಎಂಬ ಚಿಂತೆ ತೋಟ ಇರುವವರಿಗೆಲ್ಲ ಗೊತ್ತು. ಆದರೆ ನನ್ನನ್ನು ನಿಜವಾಗಿ ತಡೆದದ್ದು ತೋಟವಲ್ಲ, ಕನ್ನಡಿ. ಕುತ್ತಿಗೆ ಮೊದಲಿನಂತಾಗಿತ್ತು, ಒತ್ತಿದರೆ ಚರಚರ ಎನ್ನುತ್ತಿರಲಿಲ್ಲ, ಸ್ವರವೂ ಸರಿಯಾಗಿತ್ತು. ಗಾಳಿ ಹೋಯಿತು, ಅಂದರೆ ಗುಣವಾಯಿತು ಎಂದು ತೀರ್ಮಾನಿಸಿದೆ. ಈ ತೀರ್ಮಾನ ಎಲ್ಲಿ ತಪ್ಪಿತೆಂದು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಇದೆ. ಚರ್ಮದಡಿಯ ಗಾಳಿ ಕೈಗೆ ಸಿಗುತ್ತದೆ, ಎದೆಯೊಳಗಿನದು ಸಿಗುವುದಿಲ್ಲ. ಒಳಗಿನ ಗಾಳಿಯನ್ನು ದೇಹ ತಾನಾಗಿ ಹೀರಿಕೊಳ್ಳುವುದು ಬಹಳ ನಿಧಾನ. ದಿನಕ್ಕೆ ಆ ಬದಿಯ ಎದೆಯ ಗಾತ್ರದ ಶೇಕಡಾ 1.25ರಿಂದ 2.2ರಷ್ಟು ಮಾತ್ರ. ಆಮ್ಲಜನಕ ಕೊಟ್ಟರೆ ರಕ್ತದಲ್ಲಿನ ಸಾರಜನಕ ಕಡಿಮೆಯಾಗಿ ಈ ಕೆಲಸ ಚುರುಕಾಗುತ್ತದೆ, ಆದರೆ ಮನೆಗೆ ಬಂದವನಿಗೆ ಆ ಅನುಕೂಲವಿಲ್ಲ. ಇನ್ನು ರಕ್ತದ ವಿಚಾರ ಇದಕ್ಕಿಂತ ಗಂಭೀರ. ಎದೆಯ ಬುಡದಲ್ಲಿ ಉಳಿದ ರಕ್ತ ಹೆಪ್ಪುಗಟ್ಟಿದರೆ ನಳಿಕೆಯಿಂದ ಸುಲಭವಾಗಿ ಹೊರಬರುವುದಿಲ್ಲ. ಅದರಲ್ಲಿ ಸೋಂಕು ಹುಟ್ಟಿ ಕೀವಾಗಬಹುದು, ಇಲ್ಲವೇ ಗಟ್ಟಿ ಪದರವಾಗಿ ಶ್ವಾಸಕೋಶವನ್ನು ಬಿಗಿದು ಅರಳದಂತೆ ಹಿಡಿಯಬಹುದು. ಇದಾವುದೂ ಕುತ್ತಿಗೆಯಲ್ಲಿ ಕಾಣುವುದಿಲ್ಲ.

ನನಗೆ ಎರಡೂ ಆದವು. ಸಂಜೆಯ ಜ್ವರವನ್ನು ಮಳೆಗಾಲದ ಜ್ವರವೆಂದುಕೊಂಡೆ. ಮೆಟ್ಟಿಲು ಹತ್ತಿದರೆ ಬರುವ ಏದುಸಿರನ್ನು ನಿಶ್ಶಕ್ತಿ ಎಂದುಕೊಂಡೆ. ಆ ಎಕ್ಸ್‌ರೇಯನ್ನು ಸಮಯಕ್ಕೆ ತೆಗೆಸಿದ್ದರೆ ಉಳಿದ ರಕ್ತವನ್ನು ಚಿಕ್ಕ ರಂಧ್ರದ ಮೂಲಕ ಕ್ಯಾಮೆರಾ ಇಳಿಸಿ ತೆಗೆಯುವ ಸಾಧ್ಯತೆಯಿತ್ತು. ತಡವಾದುದರಿಂದ ಎದೆಯನ್ನು ತೆರೆದು, ಶ್ವಾಸಕೋಶದ ಮೇಲೆ ಕಟ್ಟಿದ್ದ ಪದರವನ್ನು ಸುಲಿದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಆ ವರ್ಷದ ಕೊಯ್ಲಿಗೆ ನಾನು ತೋಟಕ್ಕೆ ಇಳಿಯಲಿಲ್ಲ, ಭಾರ ಎತ್ತುವ ಕೆಲಸಕ್ಕೆ ಇಂದಿಗೂ ಬೇರೆಯವರನ್ನು ಕರೆಯುತ್ತೇನೆ.

ವಿಮಾನದ ವಿಚಾರಕ್ಕೆ ಬರುತ್ತೇನೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮಟ್ಟದ್ದಲ್ಲ. ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಸಮುದ್ರಮಟ್ಟಕ್ಕೆ ಹತ್ತಿರವಿರುವ ನಮ್ಮ ಕರಾವಳಿಯಲ್ಲಿ ಎದೆಯೊಳಗೆ ಸಿಕ್ಕಿಕೊಂಡ ಗಾಳಿ ಆ ಎತ್ತರದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಸೋರಿಕೆಯೂ ಮರುಕಳಿಸಿದರೆ ಗಾಳಿ ಒಳಗೆ ಹೋಗುತ್ತಾ ಹೊರಬರಲಾಗದೆ, ಹೃದಯವನ್ನೂ ದೊಡ್ಡ ರಕ್ತನಾಳಗಳನ್ನೂ ಇನ್ನೊಂದು ಬದಿಗೆ ತಳ್ಳುವ ಸ್ಥಿತಿ ಬರಬಹುದು. ಹೃದಯಕ್ಕೆ ರಕ್ತ ಮರಳದೆ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ತರುವ ಈ ಸ್ಥಿತಿಯಲ್ಲಿ ಕೂಡಲೇ ಎದೆಗೆ ಸೂಜಿ ಚುಚ್ಚಿ ಗಾಳಿ ಬಿಡಬೇಕಾಗುತ್ತದೆ. ಬಜಪೆಯಲ್ಲಿ ಹತ್ತಿದ ವಿಮಾನ ಅರಬ್ಬಿ ಸಮುದ್ರದ ನಡುವೆ ಇರುವಾಗ ಅದನ್ನು ಯಾರು ಮಾಡುತ್ತಾರೆ? ಬ್ರಿಟನ್ನಿನ ಶ್ವಾಸಕೋಶ ವೈದ್ಯರ ಸಂಘಟನೆಯಾದ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2011ರ ಸಲಹೆಯಲ್ಲಿ, ಶ್ವಾಸಕೋಶ ಪೂರ್ತಿ ಅರಳಿದೆಯೆಂದು ಎಕ್ಸ್‌ರೇಯಲ್ಲಿ ಖಚಿತವಾದ ಮೇಲೆ 7 ದಿನ, ಗಾಯದಿಂದ ಆದದ್ದಾದರೆ 14 ದಿನ ಕಾಯಬೇಕು ಎಂದಿತ್ತು. ಎಣಿಕೆ ಶುರುವಾಗುವುದು ಊತ ಇಳಿದ ದಿನದಿಂದಲೂ ಅಲ್ಲ, ಡಿಸ್ಚಾರ್ಜ್ ಆದ ದಿನದಿಂದಲೂ ಅಲ್ಲ. ಆ ಎಕ್ಸ್‌ರೇಯ ದಿನದಿಂದ. ಟಿಕೆಟನ್ನು ಮುಂದೂಡಿಸಿ. ಕಂಪನಿಯವರಿಗೆ ವೈದ್ಯರ ಪತ್ರ ಕಳಿಸಿದರೂ ರಜೆ ಸಿಗದೆ ಹೋಗಬಹುದು ಎಂಬ ಅಂಜಿಕೆ ನನಗೂ ಅರ್ಥವಾಗುತ್ತದೆ, ಆದರೂ ಮುಂದೂಡಿಸಿ.

ಇದೇ ಲಕ್ಷಣ ಹುಡುಕುತ್ತಾ ಬಂದ ಬೇರೆಯವರಿಗಾಗಿ ಒಂದು ಮಾತು: ಪೆಟ್ಟು ಬೀಳದೆಯೂ ಹೀಗಾಗುತ್ತದೆ. ಆಸ್ತಮಾದ ಜೋರು ಕೆಮ್ಮಿನಲ್ಲಿ, ಹೊಗೆ ಎಳೆದು ಉಸಿರು ಬಿಗಿಹಿಡಿಯುವವರಲ್ಲಿ, ಶ್ವಾಸಕೋಶದ ಸಣ್ಣ ಗಾಳಿಚೀಲ ಒಡೆದು ಗಾಳಿ ರಕ್ತನಾಳದ ಗುಂಟ ಎದೆಯ ನಡುಭಾಗಕ್ಕೂ ಅಲ್ಲಿಂದ ಕುತ್ತಿಗೆಗೂ ಏರುತ್ತದೆ; ಈ ದಾರಿಯನ್ನು ಸಂಶೋಧಕರಾದ ಮ್ಯಾಕ್ಲಿನ್ ದಂಪತಿಗಳು 1944ರಲ್ಲಿ ವಿವರಿಸಿದರು. ದವಡೆಹಲ್ಲು ತೆಗೆಸುವಾಗ ಗಾಳಿಯಿಂದ ತಿರುಗುವ ಯಂತ್ರದಿಂದಲೂ ಮುಖ ಊದಬಹುದು. ಜೋರಾಗಿ ವಾಂತಿಯಾದ ಮೇಲೆ ಎದೆನೋವಿನೊಂದಿಗೆ ಕುತ್ತಿಗೆಯಲ್ಲಿ ಚರಚರ ಕಂಡರೆ ಅನ್ನನಾಳ ಹರಿದಿರಬಹುದು. ಗಾಯದ ಸುತ್ತ ಚರಚರದೊಂದಿಗೆ ಜ್ವರ, ವಿಪರೀತ ನೋವು ಇದ್ದರೆ ಮಾಂಸ ಕೊಳೆಸುವ ಸೋಂಕಿರಬಹುದು. ಈ ಎರಡರಲ್ಲಿ ಒಂದು ರಾತ್ರಿ ಕಾಯುವುದೂ ಅಪಾಯ.

ನಿಮ್ಮ ತಮ್ಮ ಪಕ್ಕೆಗೆ ಬಟ್ಟೆ ಬಿಗಿದು ಕಟ್ಟಿಕೊಳ್ಳದಿರಲಿ. ಆಳವಾದ ಉಸಿರು ತಪ್ಪಿದರೆ ಕಫ ನಿಂತು ನ್ಯುಮೋನಿಯಾ ಬರುತ್ತದೆ. ನೋವಿನ ಮಾತ್ರೆಯನ್ನು ಹೇಳಿದಂತೆ ತೆಗೆದುಕೊಂಡು ಚೆನ್ನಾಗಿ ಉಸಿರೆಳೆಯಲಿ, ಸಿಗರೇಟು ಇದ್ದರೆ ಬಿಡಲಿ. ಗುಣವಾದ ಮೇಲೂ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವ ಯೋಚನೆಯಿದ್ದರೆ ಮೊದಲು ಶ್ವಾಸಕೋಶ ತಜ್ಞರನ್ನು ಕೇಳಬೇಕು. ಉಸಿರು ಕಟ್ಟಿದಂತಾದರೆ, ತುಟಿ ನೀಲಿಯಾದರೆ, ತಲೆ ಸುತ್ತಿ ಬೆವರಿದರೆ ಯಾವ ಹೊತ್ತಾದರೂ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಮುಂದಿನ ಭೇಟಿಗೆ ಹೋಗುವಾಗ ಹಳೆಯ ಎಕ್ಸ್‌ರೇ ಫಿಲ್ಮನ್ನೂ ಕೊಂಡುಹೋಗಿ, ಹೊಸದರ ಪಕ್ಕದಲ್ಲಿಟ್ಟು ನೋಡಲು ಹೇಳಿ, ಬುಡದಲ್ಲಿ ರಕ್ತವೇನಾದರೂ ಉಳಿದಿದೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ.